ಸಫಾರಿ ಗೇಟು ಮುಚ್ಚಿಸಿದ ದಿನ

ಡಿಸೆಂಬರಿನ ಕೊನೆಯ ವಾರದಲ್ಲಿ ಯಾರನ್ನೂ ಕಾಡಿಗೆ ಕರೆದೊಯ್ಯಬಾರದು ಎಂಬುದು ನನ್ನ ರೂಲ್. ಹಿರಿಯ ನಾಗರಿಕರ ಸಣ್ಣ ಗುಂಪು ಕಟ್ಟಿಕೊಂಡು ಟೂರ್ ಮಾಡಿಸುವವಳು ನಾನು. ನನ್ನ ಪ್ಯಾಸೆಂಜರ್‌ಗಳಿಗೆ ಮೊಣಕಾಲು ನೋವಿರುತ್ತದೆ, ಶುಗರ್ ಇರುತ್ತದೆ, ಬಾತ್‌ರೂಮಿನ ಅವಸರವಿರುತ್ತದೆ. ಕ್ರಿಸ್ಮಸ್ ರಜೆಯಲ್ಲಿ ಹಳಿಯಾಳದಾಚೆಯ ಆ ರಾಷ್ಟ್ರೀಯ ಉದ್ಯಾನದ ಗೇಟಿನ ಮುಂದೆ ಅರ್ಧ ಹುಬ್ಬಳ್ಳಿ, ಅರ್ಧ ಗೋವಾ ಬಂದು ನಿಂತಿರುತ್ತದೆ. ಅಲ್ಲಿ ನನ್ನಂಥ ವಯಸ್ಸಿನವರಿಗೆ ಕೂರಲು ಒಂದು ಕಲ್ಲು ಸಿಕ್ಕರೂ ಪುಣ್ಯ.

ಆ ವರ್ಷ ರೂಲ್ ಮುರಿಯಬೇಕಾಯಿತು. ದಸರೆ ಮುಗಿದ ಕೂಡಲೇ ಹೊರಡುವುದೆಂದು ಡೇಟ್ ಹಾಕಿದ್ದೆ. ಮಳೆ ನಿಲ್ಲಲಿಲ್ಲ, ಸಫಾರಿಯ ದಾರಿಗಳೆಲ್ಲ ಕೆಸರಾಗಿ ಉದ್ಯಾನ ತೆರೆಯುವ ದಿನವೇ ಮುಂದಕ್ಕೆ ಹೋಗುತ್ತಾ ಹೋಯಿತು. ಎರಡನೆಯ ಸಲ, ಮರಿ ಹಾಕಿದ ಆನೆಯೊಂದು ತನ್ನ ಹಿಂಡಿನೊಂದಿಗೆ ದಾರಿಯ ಪಕ್ಕದಲ್ಲೇ ಬೀಡುಬಿಟ್ಟಿದೆ ಎಂದು ಸಫಾರಿ ಬಂದ್ ಮಾಡಿದರು. ನಾನು ವಾಟ್ಸಾಪ್ ಗುಂಪಿನಲ್ಲಿ ಎರಡೆರಡು ಸಲ ‘ಸಾರಿ’ ಬರೆದೆ. ಒಬ್ಬೊಬ್ಬರೇ ಹಿಂದೆ ಸರಿದು ನಾಲ್ಕೇ ಮಂದಿ ಉಳಿದರು. ಹೋಗಲೇಬೇಕೆಂದು ಹಠ ಹಿಡಿದವರು ಧಾರವಾಡದ ಒಬ್ಬ ನಿವೃತ್ತ ವಕೀಲರ ಹೆಂಡತಿ. ನನಗಿಂತ ಚಿಕ್ಕವರಾದರೂ ನಾನು ಅವರನ್ನು ನಮ್ಮ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ.

“ಮುಂದಿನ ವರ್ಷ ನೋಡೋಣು ಅನ್ನಬ್ಯಾಡ್ರಿ ಮೇಡಂ,” ಎಂದು ಫೋನಿನಲ್ಲಿ ಹೇಳಿದರು. “ಈ ವರ್ಷನ ಆಗಬೇಕು. ಲಗ್ನ ಆದ ಹೊಸದಾಗಿ ಇವರು ನನ್ನ ಅಲ್ಲಿಗೆ ಕರಕೊಂಡು ಹೋಗಿದ್ರು. ಇನ್ನೊಮ್ಮೆ ಇಬ್ಬರೂ ನೋಡಬೇಕು.”

“ಅಷ್ಟ್ಯಾಕ ಅವಸರ ಮಾಡ್ತೀರಿ ವೈನಿ? ಕಾಡು ಎಲ್ಲಿ ಓಡಿ ಹೋಗ್ತದ?”

“ಕಾಡು ಹೋಗೂದಿಲ್ರಿ,” ಎಂದರು.

ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಆನ್‌ಲೈನಿನಲ್ಲಿ ಉಳಿದಿದ್ದುದು ಕ್ರಿಸ್ಮಸ್ ವಾರದ ಒಂದು ಮಧ್ಯಾಹ್ನದ ಸ್ಲಾಟ್ ಮಾತ್ರ. ಬುಕ್ ಮಾಡಿದೆ.

ಹುಬ್ಬಳ್ಳಿಯ ಕೇಶ್ವಾಪುರದಿಂದ ನಸುಕಿನಲ್ಲಿ ಹೊರಟೆವು. ರಾಯಾಪುರದಲ್ಲಿ ಇಬ್ಬರು ಅಕ್ಕತಂಗಿಯರು ಹತ್ತಿದರು. ಇಬ್ಬರೂ ಸಾಲಿ ಟೀಚರ್ ಆಗಿ ರಿಟೈರ್ ಆದವರು, ಬುತ್ತಿಯ ಗಂಟು ಇಬ್ಬರಿಗಿಂತಲೂ ದೊಡ್ಡದು. ಧಾರವಾಡದಲ್ಲಿ ವಕೀಲರು ಹತ್ತಿದಾಗ ನಮ್ಮ ಟೆಂಪೋ ಟ್ರಾವೆಲರಿಗೆ ಬೆಳಗಾಯಿತು ಎನ್ನಬೇಕು. ಎತ್ತರದ ಆಳು, ಬಿಳಿ ಅಂಗಿ, ಮೇಲೆ ಹೊಸ ಮೆರೂನ್ ಸ್ವೆಟರ್. ಒಂದೊಂದು ಸೀಟಿಗೂ ನಿಂತು ಕೈಮುಗಿದರು.

“ನಮಸ್ಕಾರ್ರಿ, ಎಲ್ಲಾರೂ ಆರಾಮ? ನೋಡಿದ್ರ ಎಲ್ಲಾ ನಮ್ಮ ಮಂದೀನ ಕೂತಾರಲ್ಲ!”

“ವಕೀಲರ, ಹುಲಿ ಎದುರಿಗೆ ಬಂದ್ರ ನಮ್ಮ ಪರವಾಗಿ ನೀವ ವಾದ ಮಾಡಬೇಕ ನೋಡ್ರಿ,” ಎಂದರು ಅಕ್ಕ.

“ಮೊದಲ ಅದಕ್ಕ ನೋಟೀಸ್ ಕೊಡಬೇಕಾಗ್ತದ್ರಿ. ಹಂಗ ಹೆಂಗ ಬರ್ತದ ಅದು?”

ಎಲ್ಲರೂ ನಕ್ಕರು. ಕೋರ್ಟಿನಲ್ಲಿ ಅವರ ಮಾತು ಕೇಳಲೆಂದೇ ಬೇರೆ ವಕೀಲರು ಬಂದು ಕೂರುತ್ತಿದ್ದರಂತೆ. ನಿಮ್ಮ ಮನೆ ಎಲ್ಲಿ ಎಂದು ನನ್ನನ್ನು ಕೇಳಿದರು. ಕೇಶ್ವಾಪುರ ಎಂದೆ. “ಛಲೋ ಜಾಗಾ,” ಎಂದರು. ಹಳಿಯಾಳ ದಾಟಿದ ಮೇಲೆ ಅದನ್ನೇ ಮತ್ತೆ ಕೇಳಿದರು; ಕೇಶ್ವಾಪುರ ಎಂದೆ; “ಛಲೋ ಜಾಗಾ,” ಎಂದರು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಕಲಿಸಿದ್ದೇ ಅದು, ಹೇಳಲು ಏನೂ ಇಲ್ಲದಾಗಲೂ ಎದುರಿನವರನ್ನು ಮಾತಾಡಿಸಬೇಕು ಎಂದು. ಎಂಥ ಜಂಟಲ್‌ಮನ್ ಎಂದುಕೊಂಡೆ.

ಸಿಸ್ಟರ್‌ಗಳಿಂದ ಕಲಿತ ಇನ್ನೊಂದು ಪದ್ಧತಿಯೂ ನನ್ನ ಟೂರಿನಲ್ಲಿದೆ. ಇಬ್ಬಿಬ್ಬರನ್ನು ಜೋಡಿ ಮಾಡುತ್ತೇನೆ; ಒಬ್ಬರ ಜವಾಬ್ದಾರಿ ಇನ್ನೊಬ್ಬರದು. ವಾಹನ ಇಳಿಯುವಾಗ, ಹತ್ತುವಾಗ ತಮ್ಮ ಜೋಡಿ ಎಲ್ಲಿದ್ದಾರೆಂದು ನೋಡಿಕೊಂಡರೆ ಸಾಕು, ನಾನು ಪೂರ್ತಿ ತಲೆ ಎಣಿಸಬೇಕಾಗಿಲ್ಲ. ಗಂಡ ಹೆಂಡತಿ ಇದ್ದರೆ ಅವರೇ ಜೋಡಿ. ಅದರಲ್ಲಿ ವಿಚಾರ ಮಾಡುವುದೇನಿದೆ?

ಗೇಟು ಇನ್ನೂ ದೂರವಿರುವಾಗಲೇ ವಾಹನಗಳ ಸಾಲು ನಿಂತುಬಿಟ್ಟಿತ್ತು. ಕೊನೆಯ ದಾರಿಯನ್ನು ನಡೆದೇ ಮುಗಿಸಿದೆವು; ಡ್ರೈವರ ಆಮೇಲೆ ಟೆಂಪೋ ತಂದು ಪಾರ್ಕಿಂಗಿನಲ್ಲಿ ನಿಲ್ಲಿಸಿದ. ನಾನು ಮೊದಲ ಸಲ ಅಲ್ಲಿಗೆ ಬಂದಾಗ ಕಾಡು ಶುರುವಾಗುವುದು ಕಿವಿಗೆ ತಿಳಿಯುತ್ತಿತ್ತು. ಒಂದು ತಿರುವಿನಲ್ಲಿ ಎಲ್ಲ ಸದ್ದು ತಟ್ಟನೆ ನಿಂತು ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಈಗ ಆ ತಿರುವಿನಲ್ಲಿ ಮ್ಯಾಗಿ ಮಾರುವ ಅಂಗಡಿಗಳು, ಕಾರಿನ ಹಾಡು, ಡೀಸೆಲ್ಲಿನ ವಾಸನೆ. ಟಿಕೆಟ್ ಕೌಂಟರಿನ ಮೇಲೆ ಕಟ್ಟಿದ ಸ್ಪೀಕರಿನಲ್ಲಿ ಗಾರ್ಡ್ ಒಬ್ಬ ಜೀಪಿನ ನಂಬರು ಕೂಗುತ್ತಿದ್ದ. ಬಿಸಿಲೇರಿತ್ತು, ನಸುಕಿನಲ್ಲಿ ನಡುಗುತ್ತಿದ್ದವರೆಲ್ಲ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದರು.

ನಮ್ಮ ಸ್ಲಾಟಿಗೆ ಇನ್ನೂ ಹೊತ್ತಿತ್ತು. ಕೌಂಟರಿನ ಪಕ್ಕದ ಮರದ ಕಟ್ಟೆಯ ಮೇಲೆ ಅಕ್ಕತಂಗಿಯರು ಬುತ್ತಿ ಬಿಚ್ಚಿದರು. ವೈನಿ ಗಂಡನನ್ನೂ ಅಲ್ಲೇ ಕೂರಿಸಿ, “ಇಲ್ಲೇ ಇರ್ರಿ, ಬಂದೆ,” ಎಂದು ಹೆಂಗಸರ ಟಾಯ್ಲೆಟ್ಟಿನ ಕ್ಯೂಗೆ ಹೋದರು. ಆ ಕ್ಯೂ ಸಫಾರಿಯ ಕ್ಯೂಗಿಂತ ಉದ್ದವಿತ್ತು. ಅವರು ತಿರುಗಿ ಬಂದಾಗ ಕಟ್ಟೆಯ ಮೇಲೆ ವಕೀಲರಿರಲಿಲ್ಲ.

“ಎಲ್ಲಿ ಹೋದ್ರು ಇವರು?”

“ನಿಮ್ಮನ್ನ ನೋಡಾಕ ಹೋದ್ರಲ್ರಿ,” ಎಂದರು ಅಕ್ಕ, ರೊಟ್ಟಿ ಮುರಿಯುತ್ತಾ. “‘ನೀವು ಊಟಾ ನಡಸ್ರಿ, ನಾ ಬರ್ತೇನಿ’ ಅಂದ್ರು.”

ವೈನಿ ಅಲ್ಲೇ ಕುಸಿದು ಕೂತರು. ಇಷ್ಟಕ್ಕೇ ಹೀಗೇಕೆ ಎಂದು ನನಗೆ ಆಶ್ಚರ್ಯವಾಯಿತು.

ಇಂಥ ಸಂದರ್ಭಕ್ಕೆ ನನ್ನದೊಂದು ಕ್ರಮವಿದೆ. ಎಲ್ಲರೂ ಎಲ್ಲ ಕಡೆ ಓಡಬಾರದು. ಕಳೆದವರು ಕೊನೆಗೆ ಕಂಡ ಜಾಗದಲ್ಲಿ ಒಬ್ಬರು ಕದಲದೆ ಕೂರಬೇಕು. ಅಕ್ಕತಂಗಿಯರನ್ನು ಕಟ್ಟೆಯಲ್ಲೇ ಬಿಟ್ಟೆ. ಡ್ರೈವರನನ್ನು ಪಾರ್ಕಿಂಗಿಗೂ ಗಂಡಸರ ಟಾಯ್ಲೆಟ್ಟಿಗೂ ಕಳಿಸಿದೆ. ಅಂಗಡಿ ಸಾಲನ್ನು ನಾನು ಹಿಡಿದೆ. ವೈನಿಗೆ, “ನೀವು ಫೋನ್ ಹಚ್ಕೋತ ಇರ್ರಿ,” ಎಂದೆ. ಅವರು ತಮ್ಮ ಬ್ಯಾಗಿನಿಂದ ಎರಡು ಫೋನು ತೆಗೆದು ತೋರಿಸಿದರು. ಎರಡನೆಯದು ವಕೀಲರದು.

ಚಹಾದಂಗಡಿಯ ಹೆಂಗಸು ಕೂಡಲೇ ಗುರುತು ಹೇಳಿದಳು. “ಆ ಸಾಹೇಬ್ರೇನ್ರಿ? ಹೌದ್ರಿ, ಬಂದಿದ್ರು. ‘ವ್ಯಾಪಾರ ಹೆಂಗೈತಿ, ಮಕ್ಕಳು ಸಾಲಿಗೆ ಹೊಕ್ಕಾರೇನು’ ಅಂತ ಕೇಳಿದ್ರು. ಹಿಂಗ ಮಾತಾಡಸವ್ರು ಈಗೆಲ್ಲಿ ಅದಾರ್ರೀ?”

“ಎಲ್ಲಿಗೆ ಹೊಂಟೇನಿ ಅಂದ್ರೇನು?”

“ಅಂಥವರಿಗೆ ಹೆಂಗ ಕೇಳೂದ್ರಿ ಅಕ್ಕಾರ, ಎಲ್ಲಿಗೆ ಹೊಂಟೀರಿ ಅಂತ?”

ಡ್ರೈವರನೂ ಇಂಥದೇ ಸುದ್ದಿ ತಂದ. “ಪಾರ್ಕಿಂಗ್‌ನ್ಯಾಗ ವಾಚ್‌ಮನ್ ಜೋಡಿ ಮಾತಾಡ್ಯಾರ್ರಿ. ಅಂವ ಇವರನ್ನ ಯಾರೋ ದೊಡ್ಡ ಆಫೀಸರ್ ಅನ್ಕೊಂಡ ಸಲೂಟ್ ಹೊಡದಾನಂತ. ಇವರೂ ತಿರುಗಿ ಹೊಡದಾರ.” ಹೇಳುವಾಗ ಅವನಿಗೆ ನಗು ಬಂದಿತ್ತು. ನನಗೂ ಬರುತ್ತಿತ್ತೇನೋ. ಆದರೆ ವೈನಿಯ ಮುಖ ನೋಡಿದೆ.

ರೇಂಜ್ ಆಫೀಸರ್ ಗೇಟಿನ ಪಕ್ಕದ ಕೋಣೆಯಲ್ಲಿದ್ದರು. ಬೆವರು ಹಿಡಿದ ಯೂನಿಫಾರ್ಮ್ ನೋಡಿದರೆ ಮುಂಜಾನೆಯಿಂದ ಅವರಿಗೆ ಪುರುಸೊತ್ತು ಸಿಕ್ಕಿರಲಿಲ್ಲವೆಂದು ಕಾಣುತ್ತಿತ್ತು.

“ಮೇಡಂ, ಓದಿದವರು, ವಕೀಲರು ಅಂತೀರಿ. ಸಣ್ಣ ಹುಡುಗ ಅಲ್ಲಲ್ಲ? ಬರ್ತಾರ ಬಿಡ್ರಿ. ಇವತ್ತ ಹತ್ತು ಮಂದಿ ಹಿಂಗ ಬಂದು ಹೇಳಿ ಹೋಗ್ಯಾರ, ಹತ್ತೂ ಮಂದಿ ಸಿಕ್ಕಾರ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕಿಟಕಿಯಿಂದ ಪಾರ್ಕಿಂಗ್ ಜಾಗದ ಹಿಂಬದಿ ಕಾಣುತ್ತಿತ್ತು. ಬೇಲಿ ಬರೀ ಮೊಣಕಾಲೆತ್ತರ. ಅದರಾಚೆ ಇಳಿಜಾರು, ಕೆಳಗೆ ಹಳ್ಳ, ಹಳ್ಳದ ಆಚೆ ಕಾಡು. ಚಳಿಗಾಲದ ಸೂರ್ಯ ಅಲ್ಲಿ ಬೇಗ ಮುಳುಗುತ್ತಾನೆ. ಮುಳುಗಿದ ಮೇಲೆ ಗಾರ್ಡುಗಳೂ ನಡೆದು ಒಳಗೆ ಹೋಗುವುದಿಲ್ಲ.

ನಾನು ವೈನಿಯನ್ನು ನಮ್ಮ ಟೆಂಪೋದ ಹಿಂದಕ್ಕೆ ಕರೆದೊಯ್ದೆ.

“ವೈನಿ, ಖರೇ ಹೇಳ್ರಿ. ಅವರ ಫೋನ್ ನಿಮ್ಮ ಕಡೆ ಯಾಕದ? ಮುಂಜಾನಿಂದ ನೋಡ್ಲಿಕ್ಕತ್ತೇನಿ, ಅವರಿಗೆ ಚಹಾಕ್ಕ ಸಕ್ಕರಿ ಎಷ್ಟು ಅಂತ ಕೇಳಿದ್ರೂ ಉತ್ತರ ನೀವ ಕೊಡ್ತೀರಿ.”

ಅವರು ಎರಡೂ ಫೋನುಗಳನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು.

“ನೆನಪು ಹೊಂಟದ್ರಿ,” ಎಂದರು. “ಎರಡು ವರ್ಷಾತು. ಮಾತಷ್ಟ ಉಳದದ. ಹೆಂಗ ಕರೀಬೇಕು, ಹೆಂಗ ಕೂಡಸಬೇಕು, ಏನು ಕೇಳಬೇಕು, ಅದರಾಗ ಒಂದೂ ತಪ್ಪೂದಿಲ್ಲ. ಎದುರಿಗೆ ಯಾರು ಕೂತಾರ ಅನ್ನೂದು ಮಾತ್ರ ಗೊತ್ತಿರೂದಿಲ್ಲ. ಇನ್ನಾ ಮಂದಿ ಕಾಗದಪತ್ರ ತಗೊಂಡು ಸಲಹಾ ಕೇಳ್ಲಿಕ್ಕೆ ಬರ್ತಾರ್ರಿ. ನಾ ಒಳಗ ನಿಂತು ಕೇಳಿಸ್ಕೊಂಡು, ‘ಇವತ್ತ ಅವರಿಗೆ ದಣಿವಾಗೇದ, ಬ್ಯಾರೆ ವಕೀಲರನ್ನ ನೋಡ್ರಿ’ ಅಂತ ಕಳಸ್ತೇನಿ. ಅವರನ್ನ ನೋಡಿ ಯಾರೂ ಅಯ್ಯೋ ಪಾಪ ಅನ್ನಬಾರದು ಅಂತ.”

“ಟಾಯ್ಲೆಟ್ಟಿಗೆ ಹೋಗೂ ಮುಂದ ಆ ಟೀಚರ್‌ಗಳಿಗೆ ಒಂದು ಮಾತು ಹೇಳಬಾರದಿತ್ತಾ?”

“ಏನಂತ ಹೇಳ್ಲಿ ಮೇಡಂ? ‘ಇವರ ಮ್ಯಾಲೆ ಸ್ವಲ್ಪ ಲಕ್ಷ್ಯ ಇಡ್ರಿ’ ಅಂದ್ರ, ‘ಯಾಕ್ರೀ’ ಅಂತ ಕೇಳ್ತಿದ್ರು.” ನನ್ನ ಕೈ ಹಿಡಿದುಕೊಂಡರು. “ಇದು ನಿಮ್ಮೊಳಗ ಇರ್ಲಿ. ಹಂಗ ಹುಡುಕೋಣು. ಯಾರಿಗೂ ಹೇಳಬ್ಯಾಡ್ರಿ.”

ಹಾಗೆಯೇ ಹುಡುಕಿದರೆ ಆಫೀಸರ್ ಕದಲುವುದಿಲ್ಲ, ಆಫೀಸರ್ ಕದಲದಿದ್ದರೆ ಕತ್ತಲಾಗುತ್ತದೆ. ಇಷ್ಟೇ ಲೆಕ್ಕ. ನಾನು ಕೈ ಬಿಡಿಸಿಕೊಂಡು ತಿರುಗಿ ಆ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಎರಡು ಕೆಲಸ ಆಗಬೇಕು ಎಂದೆ: ಮಧ್ಯಾಹ್ನದ ಸಫಾರಿ ನಿಲ್ಲಿಸಿ ಗಾರ್ಡುಗಳನ್ನೂ ಜೀಪುಗಳನ್ನೂ ಹುಡುಕಲು ಬಿಡಬೇಕು, ಮೈಕಿನಲ್ಲಿ ಜನರಿಗೆ ತಿಳಿಸಬೇಕು.

ಅವರ ಮುಖ ಬದಲಾಯಿತು. “ಮೊದಲ ಯಾಕ ಹೇಳಲಿಲ್ರಿ ಇದನ್ನ?” ಎಂದವರೇ ಮೇಲಿನವರಿಗೆ ಫೋನ್ ಮಾಡಿದರು. ಬಹಳ ಸಲ ‘ಎಸ್ ಸರ್’, ಎರಡು ಸಲ ‘ನೋ ಸರ್’. ಕೊನೆಗೆ ಗೇಟಿನ ಅಡ್ಡಗಂಬ ಇಳಿಸಿದರು. “ಆದ್ರ ಮೈಕಿನ್ಯಾಗ ಅವರ ಮನಿಯವರ ಹೇಳಬೇಕ್ರಿ. ನಾಳೆ ಯಾರಾದ್ರೂ ಬಂದು ನಮ್ಮ ಮಾನ ಯಾಕ ಕಳದ್ರಿ ಅನ್ನಬಾರದು.”

ವೈನಿ ನನ್ನ ಮುಖ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು.

“ನಮ್ಮ ಮನಿಯವರು ಕಾಣವಲ್ರು,” ಎಂದು ಶುರುಮಾಡಿದರು. ಅವರದೇ ದನಿ ಮೇಲಿಂದ ದೊಡ್ಡದಾಗಿ ಬಿದ್ದಾಗ ಒಮ್ಮೆ ಬೆಚ್ಚಿದರು. “ವಯಸ್ಸಾದವರದಾರ. ಉದ್ದಕ್ಕ ಇದ್ದಾರ. ಮೆರೂನ್ ಸ್ವೆಟರ್ ಹಾಕ್ಕೊಂಡಾರ. ಅವರ ಮಾತು ಕೇಳಿದ್ರ ನಿಮಗ ಗೊತ್ತಾಗೂದಿಲ್ಲ, ಭಾಳ ಛಲೋ ಮಾತಾಡ್ತಾರ. ಮಾತಿಗೆ ಮೋಸ ಹೋಗಬ್ಯಾಡ್ರಿ. ಅವರಿಗೆ ನೆನಪಿಲ್ರಿ. ತಾವು ಎಲ್ಲಿದ್ದೇವಿ ಅಂತ ಅವರಿಗೆ ಗೊತ್ತಿಲ್ಲ. ಯಾರಿಗೆ ಕಂಡ್ರೂ ಕೈಮುಗೀತೇನಿ, ಹಿಡದು ಕೂಡಸ್ರಿ...” ಮುಂದಿನದು ಅಳು. ಗಾರ್ಡ್ ಮೈಕ್ ತೆಗೆದುಕೊಂಡು, ವಯಸ್ಸಾದ ಅಜ್ಜಾರೊಬ್ಬರು ಕಳೆದಿದ್ದಾರೆ, ಮೆರೂನ್ ಸ್ವೆಟರ್ ಎಂದು ಮತ್ತೆ ಮತ್ತೆ ಕೂಗಿದ. ಆ ಚಳಿಗಾಲ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಲ್ಲಿ ಮೆರೂನ್ ಸ್ವೆಟರಿನ ರಾಶಿಯೇ ಬಂದಿತ್ತು. ಎಲ್ಲಿ ನೋಡಿದರೂ ಯಾರದೋ ಮೈಮೇಲೆ, ಯಾರದೋ ಸೊಂಟದಲ್ಲಿ ಅದೇ ಬಣ್ಣ.

ಗೇಟು ಮುಚ್ಚಿದ್ದು ತಿಳಿದ ಮೇಲೆ ಹಾರ್ನುಗಳು ಶುರುವಾದವು. “ಒಬ್ಬ ಅಜ್ಜನ ಸಲುವಾಗಿ ಎಲ್ಲಾರ ಸಫಾರಿ ಬಂದ್ ಮಾಡೂದೇನ್ರಿ?” ಎಂದು ಕೌಂಟರಿನ ಹಲಗೆಗೆ ಒಬ್ಬ ಗುದ್ದಿದ. “ಹುಲಿ ಜೋಡಿ ಸೆಲ್ಫಿ ತಗೊಳ್ಳಾಕ ಹೋಗಿರಬೇಕ ಬಿಡ್ರಿ!” ಎಂದು ಇನ್ನೊಬ್ಬ. ಸುತ್ತಲಿನವರು ನಕ್ಕರು. ಅನೇಕರು ವೈನಿಯತ್ತ ಮೊಬೈಲ್ ಹಿಡಿದಿದ್ದರು. ಆದರೆ ಹುಬ್ಬಳ್ಳಿಯಿಂದ ಬೈಕಿನ ಮೇಲೆ ಬಂದಿದ್ದ ಕೆಲವು ತರುಣರು ತಾವಾಗಿ ಮುಂದೆ ಬಂದರು. ಅವರನ್ನು ಒಬ್ಬ ಗಾರ್ಡಿನ ಜೊತೆ ಹಳ್ಳದ ಕಡೆ ಕಳಿಸಿದರು. ಜೀಪುಗಳು ಸಫಾರಿಯ ದಾರಿ ಹಿಡಿದವು. ಉಳಿದ ಗಾರ್ಡುಗಳು ಬೇಲಿಗುಂಟ ನಡೆದರು. ಎಂಜಿನ್ನುಗಳು ನಿಂತ ಮೇಲೆ ನಿಜವಾಗಿಯೂ ಕಾಡಿನ ಸದ್ದು ಕೇಳತೊಡಗಿತು. ಅಂಥ ಹೊತ್ತಿನಲ್ಲಿ ಕೇಳಬಾರದಾಗಿತ್ತು ಅದು.

ಬಿಸಿಲು ಕೆಂಪಾಗುವಾಗ ತರುಣರು ತಿರುಗಿ ಬಂದರು, ಪ್ಯಾಂಟಿನ ತುಂಬ ಮುಳ್ಳು.

“ಎಲ್ಲೂ ಇಲ್ರಿ ಅವ್ವಾರ,” ಎಂದ ಒಬ್ಬ. ಮತ್ತೆ ಕೇಳಿದ, “ನಿಮ್ಮ ಪೈಕಿ ಒಬ್ಬರು ಹಿರ್ಯಾರು ನಮ್ಮ ಹಿಂದ ಬಂದಿದ್ರಲ್ರಿ, ಅವರು ಹೊಳ್ಳಿ ಬಂದ್ರೇನು?”

“ನಮ್ಮ ಪೈಕಿ ಯಾರೂ ಬಂದಿಲ್ಲಪಾ,” ಎಂದೆ. “ಯಾವ ಹಿರಿಯರು?”

“ಬಿಳಿ ಅಂಗಿಯವರು. ಪಾರ್ಕಿಂಗ್ ಕಡಿಂದ ಬಂದ್ರು. ಕಲ್ಲಿನ ಇಳಕಲಿ ಹತ್ರ ಹಿಂದ ಉಳದ್ರು. ‘ನೀವು ಮುಂದ ನಡೀರಿ, ನಾ ಈ ಕಡೆ ನೋಡ್ತೇನಿ’ ಅಂದ್ರು. ನಿಮ್ಮವರ ಇರಬೇಕು ಅನ್ಕೊಂಡ್ವಿ.”

“ಸ್ವೆಟರ್?”

ಆ ತರುಣ ತನ್ನ ಸೊಂಟವನ್ನು ಮುಟ್ಟಿ ನೋಡಿಕೊಂಡು, “ಇಲ್ಲಿ ಕಟ್ಕೊಂಡಿದ್ರು,” ಎಂದ.

ಆಫೀಸರ್ ತಾವೇ ಓಡಿದರು. ಹಳ್ಳ ಕೆಳಕ್ಕೆ ಧುಮುಕುವ ಕಡೆ, ಪಾಚಿಗಟ್ಟಿದ ಬಂಡೆಗಳ ಬುಡದಲ್ಲಿ ವಕೀಲರು ಬಿದ್ದಿದ್ದರು. ಎಚ್ಚರವಿರಲಿಲ್ಲ. ಒಂದು ಕಾಲು ತಿರುಗಬಾರದ ಕಡೆ ತಿರುಗಿತ್ತು. ಅರ್ಧ ಮೈ ನೀರಿನಲ್ಲಿತ್ತು, ಎಷ್ಟು ಹೊತ್ತಿನಿಂದಲೋ.

ಬಿದಿರು, ಕಂಬಳಿ ಸೇರಿಸಿ ಸ್ಟ್ರೆಚರ್ ಮಾಡಿ ಮೇಲಕ್ಕೆ ತಂದರು. ಮೇಲೆ ಬಂದ ಮೇಲೆ ಇನ್ನೊಂದು ಕಷ್ಟ. ಸಫಾರಿ ರದ್ದಾಯಿತೆಂದು ಎಲ್ಲ ವಾಹನಗಳೂ ಒಮ್ಮೆಲೇ ತಿರುಗಿ ಹೊರಟಿದ್ದವು, ರಸ್ತೆ ಕಟ್ಟಿಹೋಗಿತ್ತು. ನಾನು ಮುಚ್ಚಿಸಿದ ಗೇಟು. ಆಂಬುಲೆನ್ಸ್ ಆ ಸಾಲಿನ ಆಚೆ ತುದಿಯಲ್ಲಿ ಸಿಕ್ಕಿಕೊಂಡು ಕೂಗುತ್ತಿತ್ತು. ಆ ತರುಣರು ಮುಂದೆ ಮುಂದೆ ಓಡುತ್ತಾ ಕಾರುಗಳ ಬಾನೆಟ್ ತಟ್ಟಿ ಬದಿಗೆ ಸರಿಸಿದರು, ಹಿಂದೆ ಇಲಾಖೆಯ ಜೀಪು ನಡಿಗೆಯ ವೇಗದಲ್ಲಿ ಹೋಯಿತು. ಜೀಪಿನಲ್ಲಿ ವೈನಿ ಗಂಡನ ಪಾದಗಳನ್ನು ತಮ್ಮ ಸೆರಗಿನಲ್ಲಿ ಸುತ್ತಿ ಹಿಡಿದು ಕೂತಿದ್ದರು. ಬೇರೆ ಎಲ್ಲಿ ಮುಟ್ಟಿದರೂ ನೋವಾಗುತ್ತದೆಂದು.

ಧಾರವಾಡದ ಆಸ್ಪತ್ರೆಯಲ್ಲಿ ಸೊಂಟದ ಎಲುಬು ಮುರಿದಿದೆ ಎಂದರು. ಆಪರೇಶನ್ ಮಾಡಬೇಕು, ಆದರೆ ಎದೆಯಲ್ಲಿ ಕಫ ಕಟ್ಟಿದೆ, ಅದು ಇಳಿಯಲಿ ಎಂದರು. ಅದು ಇಳಿಯಲಿಲ್ಲ. ವಕೀಲರು ಮತ್ತೆ ಮನೆಗೆ ಹೋಗಲಿಲ್ಲ.

ಆ ದಿನಗಳಲ್ಲಿ ನಾನು ಮಧ್ಯಾಹ್ನ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಮೈಕಿನ ಮುಂದೆ ವೈನಿ ಅತ್ತದ್ದು ಊರಿನ ಎಲ್ಲ ಮೊಬೈಲುಗಳನ್ನೂ ಸುತ್ತಿ ಬಂದಿತ್ತು. ನೋಡಲು ಬಂದವರೆಲ್ಲ ಅದನ್ನು ನೋಡಿಯೇ ಬಂದವರು; ಬಾಗಿಲಲ್ಲೇ ‘ಅಯ್ಯೋ ಪಾಪ’ ಎನ್ನುತ್ತಿದ್ದರು. ಕಾರಿಡಾರಿನಲ್ಲಿ ಒಮ್ಮೆ ವೈನಿಗೆ ಹೇಳಲು ಹೋದೆ, ಬೇರೆ ದಾರಿ ಇರಲಿಲ್ಲ ಎಂದು.

“ಗೊತ್ತದ್ರಿ,” ಎಂದರು. “ಇನ್ನ ಮುಚ್ಚಿಡೂದು ಏನೂ ಉಳದಿಲ್ಲ. ಮನಸ್ಸು ಹಗುರ ಆಗಬೇಕಿತ್ತು ನೋಡ್ರಿ. ಆಗವಲ್ತು.”

ಒಂದು ದಿನ ವಕೀಲರಿಗೆ ಸ್ವಲ್ಪ ಎಚ್ಚರ ಹೆಚ್ಚಿತ್ತು. ಸೂಜಿ ಚುಚ್ಚುವ ಮೊದಲು ನರ್ಸ್ ರೂಢಿಯಂತೆ, “ಅಜ್ಜಾರ, ನಿಮ್ಮ ಹೆಸರೇನ್ರಿ?” ಎಂದು ಕೇಳಿದಳು. ವಕೀಲರು ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲವನ್ನೂ ಕೋರ್ಟಿನಲ್ಲಿ ನಿಂತಂತೆ ಒಂದೊಂದಾಗಿ ಹೇಳಿದರು. ಒಂದು ಅಕ್ಷರವೂ ತಪ್ಪಲಿಲ್ಲ.

ವೈನಿ ಮೋಸಂಬಿ ಸುಲಿಯುತ್ತಿದ್ದವರು ನಿಲ್ಲಿಸಿದರು. ನಾನು ಅವರ ಕಡೆ ನೋಡಿದೆ, ಅವರು ನನ್ನ ಕಡೆ. ಮೈಕಿನಲ್ಲಿ ಆ ದಿನ ಎಲ್ಲವನ್ನೂ ಹೇಳಿಯಾಗಿತ್ತು. ಎತ್ತರ, ಸ್ವೆಟರು, ರೋಗ. ಹೆಸರೊಂದನ್ನು ಬಿಟ್ಟು. ಲಗ್ನವಾದಂದಿನಿಂದ ವೈನಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಆ ಕ್ಷಣದಲ್ಲೂ ನಾಲಿಗೆ ತಾನಾಗಿ ‘ಮನಿಯವರು’ ಎಂದಿತ್ತು. ಗಾರ್ಡ್ ಅವರು ಹೇಳಿದ್ದನ್ನೇ ಕೂಗಿದ್ದ. ಇಂಗ್ಲಿಷ್ ಓದಿದ ನಾನು, ಹೆಸರನ್ನು ಬುಕಿಂಗ್‌ನಲ್ಲಿ ಟೈಪ್ ಮಾಡಿದ್ದ ನಾನು, ಪಕ್ಕದಲ್ಲೇ ನಿಂತು ಕೇಳಿದ್ದೆ. ನನಗೂ ಅದರಲ್ಲಿ ಏನೂ ಕೊರತೆ ಕಂಡಿರಲಿಲ್ಲ.

ನರ್ಸ್ ಹೋದ ಮೇಲೆ ವಕೀಲರು ನಮ್ಮಿಬ್ಬರನ್ನೂ ನೋಡಿದರು.

“ಬರ್ರಿ, ಕೂಡ್ರಿ,” ಎಂದರು. ಉಸಿರು ಸಾಲದೆ ಸ್ವಲ್ಪ ತಡೆದು, “ನೀವು ಅಲ್ಲಿದ್ದವರಲ್ಲೇನ್ರಿ? ಆ ಕಾಡಿನ್ಯಾಗ ಒಬ್ಬ ಹಿರ್ಯಾರು ಕಳದಿದ್ರಲ್ಲ. ಮೈಕಿನ್ಯಾಗ ಅವರ ಮನಿಯವರು ಭಾಳ ಅಳ್ಲಿಕ್ಕತ್ತಿದ್ರು. ಕೇಳ್ಲಿಕ್ಕೆ ಆಗಲಿಲ್ರಿ ನನಗ. ಹಳ್ಳದ ತನಕಾ ಹೋಗಿ ನೋಡಿದೆ, ಕೂಗಿದೆ. ಆಮ್ಯಾಲೆ ಏನಾತೋ...” ಹಣೆ ಗಂಟಿಕ್ಕಿದರು. “ಸಿಕ್ಕರೇನ್ರಿ ಅವರು?”



“ಸಿಕ್ಕಾರ್ರಿ,” ಎಂದರು ವೈನಿ.

“ಛಲೋ ಆತು. ಮನಿಯವರಿಗೆ ತಿಳಿಸೀರೇನು?”

“ತಿಳಿಸೇವಿ.”